ಪಾರ್ಕಿನ ಉಸ್ತುವಾರಿ ನಿಮ್ಮ ಕೆಲಸವಾಗಬೇಕಾದರೆ: ಓದಿನಿಂದ ಮೊದಲ ಮೂರು ತಿಂಗಳವರೆಗೆ

ಬೆಳಗ್ಗೆ ಐದೂವರೆಗೆ ಗೇಟಿನ ಬೀಗ ತೆಗೆಯುವ ಮೊದಲೇ ಹೊರಗೆ ಏಳೆಂಟು ಜನ ನಿಂತಿರುತ್ತಾರೆ. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದವರು, ಪೊಲೀಸ್ ಪರೀಕ್ಷೆಗೆ ಓಟದ ಅಭ್ಯಾಸ ಮಾಡುವ ಹುಡುಗ ಹುಡುಗಿಯರು, ಮನೆಯಲ್ಲಿ ಎಲ್ಲರೂ ಏಳುವ ಮೊದಲು ಅರ್ಧ ಗಂಟೆ ತಮಗೆ ಅಂತ ತೆಗೆದಿಟ್ಟುಕೊಂಡ ಹೆಂಗಸರು. ಅವರು ಒಳಗೆ ಕಾಲಿಡುವ ಹೊತ್ತಿಗೆ ರಾತ್ರಿಯ ಗಾಳಿಗೆ ಮುರಿದ ಕೊಂಬೆ ದಾರಿಯ ಮೇಲೆ ಬಿದ್ದಿರಬಾರದು. ನಲ್ಲಿಯಲ್ಲಿ ಕುಡಿಯುವ ನೀರು ಬರುತ್ತಿರಬೇಕು. ಶೌಚಾಲಯ ತೊಳೆದಿರಬೇಕು.

‘ಗಿಡ ಅಂದ್ರೆ ತುಂಬಾ ಇಷ್ಟ ಮೇಡಂ, ಪಾರ್ಕ್ ನೋಡಿಕೊಳ್ಳೋ ಕೆಲಸಕ್ಕೆ ಏನು ಓದಬೇಕು?’ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಈ ಗೇಟಿನ ಬಗ್ಗೆ. ಗಿಡದ ಮೇಲಿನ ಪ್ರೀತಿ ಬೇಕೇ ಬೇಕು. ಅದರ ಜೊತೆಗೆ, ಗುರುತು ಪರಿಚಯವಿಲ್ಲದ ಸಾವಿರ ಜನ ದಿನವೂ ಬಂದು ಸುರಕ್ಷಿತವಾಗಿ ಮನೆಗೆ ಹೋಗಬೇಕು ಎನ್ನುವ ಕಾಳಜಿಯೂ ಅಷ್ಟೇ ಬೇಕು. ಎರಡೂ ಇದ್ದರೆ ಮುಂದೆ ಓದಿ.

ಹಂತ 1: ಯಾವ ಪಾರ್ಕು ಯಾರದ್ದು ಎಂದು ತಿಳಿದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ನೋಡುವವರ ಕಣ್ಣಿಗೆ ಎಲ್ಲ ಪಾರ್ಕೂ ಒಂದೇ, ಆದರೆ ಕೆಲಸ ಕೇಳಲು ಹೋಗಬೇಕಾದ ಬಾಗಿಲು ಬೇರೆ ಬೇರೆ.

ಬೆಂಗಳೂರಿನ ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ರಾಜ್ಯದ ತೋಟಗಾರಿಕೆ ಇಲಾಖೆಯವು. ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಆರಂಭಿಸಿದ. ಇವತ್ತು ಅದು 240 ಎಕರೆ. ಕಬ್ಬನ್ ಪಾರ್ಕ್ 1870ರದ್ದು, ರಿಚರ್ಡ್ ಸ್ಯಾಂಕಿ ರೂಪಿಸಿದ್ದು. ಕೆಮ್ಮಣ್ಣುಗುಂಡಿಯ ಗಿರಿಧಾಮದ ತೋಟವೂ, ಊಟಿಯಲ್ಲಿರುವ ಕರ್ನಾಟಕ ಸಿರಿ ತೋಟವೂ ಇದೇ ಇಲಾಖೆಯವು. ನಿಮ್ಮ ಬಡಾವಣೆಯ ಪಾರ್ಕು ಮಾತ್ರ ಇವರದ್ದಲ್ಲ. ಅದು ಮಹಾನಗರ ಪಾಲಿಕೆ, ನಗರಸಭೆ ಅಥವಾ ಪುರಸಭೆಯದ್ದು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾಗಿವೆ. ಹಾಗಾಗಿ ನಿಮ್ಮ ವಾರ್ಡು ಯಾವುದಕ್ಕೆ ಸೇರಿತು ಎಂದು ಮೊದಲು ವಿಚಾರಿಸಿಕೊಳ್ಳಿ. ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನಗಳು ಅರಣ್ಯ ಇಲಾಖೆಯವು. ಮೈಸೂರಿನ ಕಾರಂಜಿ ಕೆರೆಯನ್ನು ನೋಡಿಕೊಳ್ಳುವುದು ಅಲ್ಲಿನ ಮೃಗಾಲಯ. ಇವುಗಳ ಆಚೆಗೆ ಐಟಿ ಕಂಪನಿಗಳ ಆವರಣ, ದೊಡ್ಡ ಅಪಾರ್ಟ್‌ಮೆಂಟು, ರೆಸಾರ್ಟು, ವಿಶ್ವವಿದ್ಯಾಲಯಗಳ ಕ್ಯಾಂಪಸ್ಸು ಇವೆ.

ಒಂದು ಹಾಳೆ ತೆಗೆದುಕೊಂಡು ನಿಮ್ಮ ತಾಲ್ಲೂಕಿನ ಎಲ್ಲ ಪಾರ್ಕು, ಆಟದ ಮೈದಾನ, ಕೆರೆ ದಂಡೆ, ಬೆಟ್ಟದ ದಾರಿಗಳನ್ನು ಬರೆದು, ಪ್ರತಿಯೊಂದರ ಎದುರು ಒಡೆತನ ಬರೆಯಿರಿ. ಅರ್ಧ ದಿನದ ಕೆಲಸ. ಮುಂದೆ ಯಾವ ಅಧಿಸೂಚನೆಗೆ ಕಾಯಬೇಕು ಎನ್ನುವುದು ಆ ಹಾಳೆಯಲ್ಲೇ ಗೊತ್ತಾಗುತ್ತದೆ.

ಹಂತ 2: ಒಂದೇ ಪಾರ್ಕಿಗೆ ಎರಡು ತಿಂಗಳು ಹೋಗಿ

ಕಾಲೇಜು ಸೇರುವ ಮೊದಲೇ ಇದನ್ನು ಮಾಡಿ. ಬೆಳಗ್ಗೆ ಒಮ್ಮೆ, ಮಟಮಟ ಮಧ್ಯಾಹ್ನ ಒಮ್ಮೆ, ದೀಪ ಹತ್ತಿದ ಮೇಲೆ ಒಮ್ಮೆ, ಮಳೆ ನಿಂತ ಕೂಡಲೇ ಒಮ್ಮೆ. ಕೈಯಲ್ಲೊಂದು ಪುಸ್ತಕ ಇರಲಿ. ಯಾವ ಬೆಂಚಿನಲ್ಲಿ ಯಾವಾಗಲೂ ಜನ ಇರುತ್ತಾರೆ, ಯಾವುದು ಸದಾ ಖಾಲಿ? ನೀರು ಎಲ್ಲಿ ನಿಲ್ಲುತ್ತದೆ? ಹಾಕಿಸಿದ ದಾರಿ ಬಿಟ್ಟು ಹುಲ್ಲಿನ ಮೇಲೆ ಜನ ಅಡ್ಡ ತುಳಿದು ಮಾಡಿಕೊಂಡ ಕಾಲುದಾರಿ ಎಲ್ಲೆಲ್ಲಿದೆ? ಆ ಕಾಲುದಾರಿಗೆ ಬೇಲಿ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಅಲ್ಲಿಗೆ ನಾಲ್ಕು ಕಲ್ಲು ಹಾಸಿದರೆ ಜಗಳವೂ ಮುಗಿಯುತ್ತದೆ, ಹುಲ್ಲೂ ಉಳಿಯುತ್ತದೆ.

ಸಂಜೆ ಏಳರ ನಂತರ ಹೆಂಗಸರು ಯಾವ ಕಡೆಗೆ ಹೋಗುವುದಿಲ್ಲ ಎಂದು ನೋಡಿ. ಅಲ್ಲಿ ದೀಪ ಕೆಟ್ಟಿರುತ್ತದೆ, ಇಲ್ಲವೇ ಎದೆಮಟ್ಟಕ್ಕೆ ಬೆಳೆದ ಬೇಲಿಗಿಡ ದಾರಿಯನ್ನು ಮರೆ ಮಾಡಿರುತ್ತದೆ. ಬೇಲಿಗಿಡ ಸೊಂಟದ ಕೆಳಗಿರಬೇಕು, ಮರದ ಕೆಳಕೊಂಬೆ ತಲೆಗಿಂತ ಸಾಕಷ್ಟು ಮೇಲಿರಬೇಕು, ನಡುವೆ ನೋಟ ಹರಿಯಬೇಕು. ಈ ಒಂದು ಮಾತು ನನಗೆ ಕಲಿಸಿದ್ದು ಯಾವ ಪಠ್ಯವೂ ಅಲ್ಲ, ದಿನಾ ಸಂಜೆ ಬರುತ್ತಿದ್ದ ಒಬ್ಬ ನರ್ಸ್ ಅಕ್ಕ.

ಹಂತ 3: ಓದು

ನೇರ ದಾರಿ ಎಂದರೆ ಬಿ.ಎಸ್ಸಿ. ತೋಟಗಾರಿಕೆ, ನಾಲ್ಕು ವರ್ಷದ ಪದವಿ. ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆಯಬೇಕು. 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬಾಗಲಕೋಟೆ, ಅರಭಾವಿ, ಬೀದರ್, ಕೋಲಾರ, ಶಿರಸಿ, ಬೆಂಗಳೂರಿನಲ್ಲಿ ಕಾಲೇಜುಗಳಿವೆ. ಮೂಡಿಗೆರೆಯ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹಳ್ಳಿಯಿಂದ ಬಂದವರು ಇದನ್ನು ಕೈಬಿಡಬೇಡಿ. ಪದವಿಯ ಮೇಲೆ ಎಂ.ಎಸ್ಸಿ. ಮಾಡುವುದಾದರೆ ಪುಷ್ಪಕೃಷಿ ಮತ್ತು ಉದ್ಯಾನ ವಿನ್ಯಾಸದ ವಿಭಾಗ ನಿಮಗೆ ಹತ್ತಿರದ್ದು.

ಕಾಡಿನ ಕಡೆ ಮನಸ್ಸಿದ್ದರೆ ಬಿ.ಎಸ್ಸಿ. ಅರಣ್ಯಶಾಸ್ತ್ರ, ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಕಾಲೇಜುಗಳಿವೆ. ಚಿತ್ರ ಬರೆಯುವ, ಜಾಗ ರೂಪಿಸುವ ಕೈ ಇದ್ದರೆ ಬಿ.ಆರ್ಕ್. ಮುಗಿಸಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಬಹುದು.

ಪದವಿಗೆ ಹೋಗಲು ಆಗದವರು ಇಲ್ಲಿಗೇ ನಿಲ್ಲಬೇಕಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಾದ ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆ 10 ತಿಂಗಳ ತರಬೇತಿ ಕೊಡುತ್ತದೆ, ಶಿಷ್ಯವೇತನವೂ ಇರುತ್ತದೆ. ನಿಮ್ಮ ಜಿಲ್ಲೆಯ ತೋಟಗಾರಿಕೆ ಉಪನಿರ್ದೇಶಕರ ಕಚೇರಿಯಲ್ಲಿ ಬೇಸಿಗೆಗೆ ಮೊದಲೇ ವಿಚಾರಿಸಿ. ನಾನು ಕಂಡ ಒಳ್ಳೆಯ ಮೇಲ್ವಿಚಾರಕರಲ್ಲಿ ಹಲವರು ಈ ತರಬೇತಿಯಿಂದ ಬಂದವರು. ಅವರಿಗೆ ಮಣ್ಣು ಮುಟ್ಟಿದರೆ ಸಾಕು, ನೀರು ಬೇಕೋ ಬೇಡವೋ ಗೊತ್ತಾಗುತ್ತದೆ.

ಹಂತ 4: ಮಾಲಿಗಳ ಜೊತೆ ಒಂದು ವರ್ಷ

ಪದವಿ ಕೈಯಲ್ಲಿದ್ದರೂ ಗುದ್ದಲಿ ಹಿಡಿಯದೆ ಕುರ್ಚಿಗೆ ಹೋಗಬೇಡಿ. ಹಿರಿಯ ಮಾಲಿಯೊಬ್ಬರನ್ನು ಅಣ್ಣ ಎಂದೋ ಅಕ್ಕ ಎಂದೋ ಕರೆದು, ಅವರ ಹಿಂದೆ ಒಂದು ವರ್ಷ ತಿರುಗಿ. ಪಾತಿ ಮಾಡುವುದು, ಗರಿಕೆ ಮತ್ತು ಕೊರಿಯನ್ ಹುಲ್ಲಿನ ವ್ಯತ್ಯಾಸ, ಕಳೆ ಯಾವಾಗ ಕಿತ್ತರೆ ಬೇರು ಸಮೇತ ಬರುತ್ತದೆ, ಇವೆಲ್ಲ ಕೈಗೆ ಬರಬೇಕು.

ಒಂದು ಕೆಲಸವನ್ನಂತೂ ನೀವೇ ಕಲಿತಿರಬೇಕು: ಕೊಂಬೆ ಕತ್ತರಿಸುವುದು. ದಪ್ಪ ಕೊಂಬೆಯನ್ನು ಕಾಂಡಕ್ಕೆ ಹೊಂದಿಸಿ ಮೇಲಿನಿಂದ ಒಂದೇ ಏಟಿಗೆ ಕೊಯ್ಯಲು ಹೋದರೆ, ಅರ್ಧ ಕೊಯ್ಯುವಷ್ಟರಲ್ಲಿ ಅದರ ಭಾರಕ್ಕೆ ಕೊಂಬೆ ಜಗ್ಗಿ ಮುರಿದು, ಕಾಂಡದ ತೊಗಟೆಯನ್ನು ಒಂದು ಮೊಳ ಸೀಳಿಕೊಂಡು ಬೀಳುತ್ತದೆ. ಆ ಗಾಯದಲ್ಲಿ ಮಳೆನೀರು ಇಳಿದು ಕೊಳೆ ಹತ್ತುತ್ತದೆ, ಹತ್ತು ವರ್ಷದ ಮೇಲೆ ಆ ಮರ ಯಾರದೋ ಕಾರಿನ ಮೇಲೆ ಬೀಳುತ್ತದೆ. ಹೀಗೆ ಮಾಡಿ: ಕಾಂಡದಿಂದ ಒಂದಡಿ ದೂರದಲ್ಲಿ, ಕೊಂಬೆಯ ಕೆಳಭಾಗದಿಂದ ಮೇಲಕ್ಕೆ ಮೂರನೇ ಒಂದು ಭಾಗದಷ್ಟು ಗರಗಸ ಹಾಕಿ. ಅದಕ್ಕಿಂತ ಎರಡಿಂಚು ಆಚೆಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ, ಭಾರವೆಲ್ಲ ಕೆಳಗಿಳಿಯುತ್ತದೆ. ಉಳಿದ ಮೋಟನ್ನು ಮೂರನೆಯ ಸಲ ತೆಗೆಯಿರಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಉಬ್ಬಿದ ಮಡಿಕೆ ಕಾಣುತ್ತದಲ್ಲ, ಅದನ್ನು ಮುಟ್ಟದೆ ಅದರ ಹೊರಗೇ ಕೊಯ್ಯಬೇಕು. ಮರ ತನ್ನ ಗಾಯವನ್ನು ಮುಚ್ಚಿಕೊಳ್ಳುವುದು ಆ ಮಡಿಕೆಯಿಂದಲೇ. ಮೂರು ವರ್ಷ ಬಿಟ್ಟು ಹೋಗಿ ನೋಡಿದರೆ ಗಾಯದ ಸುತ್ತ ಹೊಸ ತೊಗಟೆ ತುಟಿಯಂತೆ ಸುತ್ತಿಕೊಂಡು ಬಂದಿರುತ್ತದೆ. ನನಗೆ ಇವತ್ತಿಗೂ ಅದನ್ನು ಬೆರಳಲ್ಲಿ ಮುಟ್ಟಿ ನೋಡುವುದೆಂದರೆ ಖುಷಿ.

ಹಂತ 5: ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ನೀರು ಎಂದರೆ ಸರಿಯಾಗಿ 1 ಲೀಟರ್. ಬಿರುಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರ್ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಒಂದು ಎಕರೆ ಸುಮಾರು 4,047 ಚದರ ಮೀಟರ್. ಅಂದರೆ ಒಂದೆಕರೆ ಹುಲ್ಲಿಗೆ ದಿನಕ್ಕೆ 20 ಸಾವಿರ ಲೀಟರ್, 5 ಸಾವಿರ ಲೀಟರಿನ ಟ್ಯಾಂಕರು ನಾಲ್ಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಬಿಡುವುದನ್ನೇ ಜಲಮಂಡಳಿ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ತಿಂಗಳು ಈ ಲೆಕ್ಕ ಮೊದಲೇ ಮಾಡಿಟ್ಟುಕೊಂಡವರು ಮಾತ್ರ ನಿದ್ದೆ ಮಾಡಿದರು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಬಯಲುಸೀಮೆಯ ಊರುಗಳ ಪಾರ್ಕಿನಲ್ಲಿ ಮಕ್ಕಳು ಆಡುವಷ್ಟು, ಜನ ಕೂರುವಷ್ಟು ಹುಲ್ಲು ಸಾಕು. ಉಳಿದ ಜಾಗಕ್ಕೆ ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ ಹಾಕಿ, ಬುಡಕ್ಕೆ ತರಗೆಲೆ ಹೊದಿಸಿ. ಉದುರಿದ ಎಲೆ ಗುಡಿಸಿ ಬೆಂಕಿ ಹಚ್ಚುವುದನ್ನು ಮೊದಲ ದಿನವೇ ನಿಲ್ಲಿಸಿ. ಗುಂಡಿಗೆ ಹಾಕಿ ನೀರು ಚಿಮುಕಿಸಿ ಮಗುಚುತ್ತಿದ್ದರೆ ಕೆಲವು ತಿಂಗಳಲ್ಲಿ ಗೊಬ್ಬರ. ಸಂಸ್ಕರಿಸಿದ ನೀರು ಸಿಗುವ ಕಡೆ ಅದನ್ನೇ ಬಳಸಿ. ಕಬ್ಬನ್ ಪಾರ್ಕಿನಲ್ಲಿ ಕೊಳಚೆ ನೀರು ಶುದ್ಧೀಕರಿಸಿ ಗಿಡಗಳಿಗೆ ಬಿಡುವ ವ್ಯವಸ್ಥೆಯೇ ಇದೆ. ಆದರೆ ಆ ನಲ್ಲಿಗೆ ‘ಕುಡಿಯುವ ನೀರಲ್ಲ’ ಎನ್ನುವ ಬೋರ್ಡು ಕನ್ನಡದಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ.

ನೀರಿನ ವಿಷಯದಲ್ಲಿ ನನ್ನದೊಂದು ತಪ್ಪು ಇದೆ. ಕೆಲಸಕ್ಕೆ ಸೇರಿದ ಮೊದಲ ಜೂನ್‌ನಲ್ಲಿ, ಪರಿಸರ ದಿನದ ಉತ್ಸಾಹದಲ್ಲಿ, ಒಂದು ಕೆರೆಯ ದಂಡೆಗೆ 200 ಸಸಿ ನೆಡಿಸಿದೆ. ಮಳೆಗಾಲವಿಡೀ ಚೆನ್ನಾಗಿಯೇ ಬಂದವು. ಬೇಸಿಗೆಗೆ ಟ್ಯಾಂಕರಿನ ಅಂದಾಜು ಹಾಕಬೇಕು ಎಂದು ನನಗೆ ಹೊಳೆದದ್ದು ಫೆಬ್ರವರಿಯಲ್ಲಿ, ಮಂಜೂರಾಗುವಷ್ಟರಲ್ಲಿ ಏಪ್ರಿಲ್. ಉಳಿದದ್ದು 30ಕ್ಕೂ ಕಡಿಮೆ. ಅಂದಿನಿಂದ, ಮೂರು ಬೇಸಿಗೆಯ ನೀರು ಎಲ್ಲಿಂದ ಬರುತ್ತದೆ ಎಂದು ಕಾಗದದ ಮೇಲೆ ಇಲ್ಲದೆ ಒಂದು ಗುಂಡಿಯನ್ನೂ ತೋಡಿಸಿಲ್ಲ.

ಸಸಿ ಆರಿಸುವಾಗ ಹೂ ಬಿಡುವ ಕಾಲವನ್ನೂ ನೋಡಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ಉದ್ಯಾನ ತಜ್ಞ ಕೃಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮಾಡಿದ್ದು ಇದನ್ನೇ: ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳಬೇಕು. ನಿಮ್ಮ ಊರಿನ ಐದೆಕರೆ ಪಾರ್ಕಿನಲ್ಲೂ ಇದು ಸಾಧ್ಯ. ಫೆಬ್ರವರಿ ಮಾರ್ಚಿಗೆ ಜಕರಂದ, ಏಪ್ರಿಲ್ ಮೇಗೆ ಹೊಳೆದಾಸವಾಳ ಮತ್ತು ಗುಲ್‌ಮೊಹರ್, ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆ.

ಹಂತ 6: ಕಾಗದದ ಕೆಲಸ

ಬೇಸರದ್ದು ಎನಿಸಿದರೂ ಪಾರ್ಕು ಉಳಿಯುವುದು ಇದರಿಂದಲೇ. ಮೂರು ಕಾನೂನುಗಳ ಪ್ರತಿ ನಿಮ್ಮ ಮೇಜಿನಲ್ಲಿರಲಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಿಗೆ ರಕ್ಷಣೆ ಕೊಡುವ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ. ಊರೂರಿನ ಪಾರ್ಕು, ಆಟದ ಮೈದಾನ, ಬಯಲು ಜಾಗಗಳಿಗೆ 1985ರ ಕಾಯ್ದೆ. ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಪಾರ್ಕು ನಿಮ್ಮ ಉಸ್ತುವಾರಿಯಲ್ಲಿದೆ ಎಂದು ಅದರೊಳಗಿನ ಮರ ಕಡಿಸಲು ಬರುವುದಿಲ್ಲ. ವೃಕ್ಷಾಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರಗಳ ಪ್ರಸ್ತಾವವಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಲೇಬೇಕು.

ಪಾರ್ಕಿನ ಮೂಲೆಯಲ್ಲಿ ಒಂದು ಕಟ್ಟಡ ಕಟ್ಟೋಣ, ಒಂದು ಪ್ರತಿಮೆ ಇಡೋಣ ಎಂದು ವರ್ಷಕ್ಕೊಬ್ಬರಾದರೂ ಬರುತ್ತಾರೆ. ಆಗ ಗಟ್ಟಿ ದನಿಯಲ್ಲಿ ಮಾತಾಡುವುದಕ್ಕಿಂತ ಸರ್ವೆ ನಕ್ಷೆ ಮತ್ತು ಕಾಯ್ದೆಯ ಪ್ರತಿ ಮುಂದಿಡುವುದು ಕೆಲಸ ಮಾಡುತ್ತದೆ. ಅಂದಾಜು ಪಟ್ಟಿ ಹಾಕುವುದು, ಎಸ್‌ಆರ್ ದರ (ಒಂದೊಂದು ಕೆಲಸಕ್ಕೂ ಸರ್ಕಾರ ಗೊತ್ತುಮಾಡಿದ ದರಪಟ್ಟಿ) ನೋಡುವುದು, ಟೆಂಡರ್ ಷರತ್ತು ಬರೆಯುವುದನ್ನು ಕಚೇರಿಯ ಹಿರಿಯ ಗುಮಾಸ್ತರಿಂದ ಕಲಿಯಿರಿ. ನಿರ್ವಹಣೆ ಟೆಂಡರಿನಲ್ಲಿ ‘ತೃಪ್ತಿಕರವಾಗಿ ನಿರ್ವಹಿಸತಕ್ಕದ್ದು’ ಎಂದು ಬರೆದರೆ ಯಾರನ್ನೂ ಕೇಳಲು ಬರುವುದಿಲ್ಲ. ‘ವಾರಕ್ಕೆ ಇಷ್ಟು ಸಲ ಹುಲ್ಲು ಕತ್ತರಿಸುವುದು, ದಿನಕ್ಕೆ ಎರಡು ಸಲ ಶೌಚಾಲಯ ತೊಳೆಯುವುದು, ಇಂತಿಷ್ಟು ಜನ ಕೆಲಸಗಾರರು’ ಎಂದೇ ಬರೆಯಿರಿ. ಆ ಕೆಲಸಗಾರರಿಗೆ ಕನಿಷ್ಠ ಕೂಲಿ, ಪಿಎಫ್, ಇಎಸ್‌ಐ ಸರಿಯಾಗಿ ಸೇರುತ್ತಿದೆಯೇ ಎಂದು ತಿಂಗಳು ತಿಂಗಳು ನೋಡುವುದೂ ನಿಮ್ಮ ಹೊಣೆ. ಸಂಬಳ ಬಾರದ ಮಾಲಿ ಗಿಡಕ್ಕೆ ಯಾವ ಮನಸ್ಸಿನಿಂದ ನೀರು ಹಾಕಬೇಕು?

ಹಂತ 7: ಜನರು

ಕ್ರಿಕೆಟ್ ಆಡುವ ಹುಡುಗರಿಗೂ ಬೆಂಚಿನ ಮೇಲಿನ ಹಿರಿಯರಿಗೂ ದಿನಾ ಜಗಳ. ಇಬ್ಬರೂ ನಿಮ್ಮ ಹತ್ತಿರವೇ ಬರುತ್ತಾರೆ, ಇಬ್ಬರಿಗೂ ಹಕ್ಕಿದೆ. ‘ಆಟ ಆಡಬಾರದು’ ಎಂದು ಬೋರ್ಡು ಹಾಕಿದರೆ ಹುಡುಗರು ರಸ್ತೆಗೆ ಹೋಗುತ್ತಾರೆ. ಹೊತ್ತು ಹಂಚಿ ಕೊಡಿ, ಜಾಗ ಹಂಚಿ ಕೊಡಿ, ಎರಡೂ ಕಡೆಯವರನ್ನು ಕೂರಿಸಿಯೇ ಅದನ್ನು ಗೊತ್ತುಮಾಡಿ. 2023ರ ಆರಂಭದಲ್ಲಿ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಗ್ಗೆ ಪುಸ್ತಕ ಹಿಡಿದು ಮರದ ಕೆಳಗೆ ಸುಮ್ಮನೆ ಓದುತ್ತ ಕೂರುವ ಕಬ್ಬನ್ ರೀಡ್ಸ್ ಶುರುವಾಯಿತು, ಬೇರೆ ಊರುಗಳಿಗೂ ಹಬ್ಬಿತು. ಜನ ಒಂದು ಜಾಗವನ್ನು ತಮ್ಮದು ಎಂದುಕೊಂಡರೆ ಕಾವಲುಗಾರರ ಅರ್ಧ ಕೆಲಸ ಅವರೇ ಮಾಡುತ್ತಾರೆ.

ಮರದಲ್ಲಿ ಹೆಜ್ಜೇನು ಕಟ್ಟಿದರೆ ಯಾರೋ ಹೊಗೆ ಹಾಕಲು ಹೊರಡುತ್ತಾರೆ, ತಡೆಯಿರಿ. ಮೊದಲು ಆ ದಾರಿ ಮುಚ್ಚಿ ಬೋರ್ಡು ಹಾಕಿ, ಆಮೇಲೆ ಕಸುಬು ಬಲ್ಲವರನ್ನು ಕರೆಯಿರಿ.

ಮಕ್ಕಳ ಆಟದ ಸಾಮಾನಿನ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ನಂಬಬೇಡಿ, ನೀವೇ ಕೈಯಿಟ್ಟು ನೋಡಿ. ಒಮ್ಮೆ ನಾನಿದ್ದ ಪಾರ್ಕಿನಲ್ಲಿ ಉಯ್ಯಾಲೆಯ ಸರಪಳಿ ಕಳಚಿ ಆರು ವರ್ಷದ ಹುಡುಗಿಯ ಗದ್ದ ಸೀಳಿತು, ನಾಲ್ಕು ಹೊಲಿಗೆ ಬಿತ್ತು. ಹಿಂದಿನ ವಾರವಷ್ಟೇ ಬಣ್ಣ ಬಳಿಸಿದ್ದೆವು. ಏಣಿ ಹಾಕಿ ಮೇಲೆ ಹತ್ತಿ ನೋಡಿದರೆ, ಸರಪಳಿಯನ್ನು ಹಿಡಿದ ಕಬ್ಬಿಣದ ಕೊಂಡಿ ಒಳಗಡೆಯಿಂದ ಸವೆದು ಸವೆದು ಕುಡುಗೋಲಿನ ತುದಿಯಷ್ಟು ತೆಳ್ಳಗಾಗಿತ್ತು. ಹೊರಗಡೆ ಹೊಸ ಹಳದಿ ಬಣ್ಣ ಮಿರುಗುತ್ತಿತ್ತು. ಸವೆತ ಒಳಮೈಯಲ್ಲಿ ಇರುತ್ತದೆ, ಕೆಳಗಿನಿಂದ ಕಾಣುವುದೇ ಇಲ್ಲ. ಅಂದಿನಿಂದ ಪ್ರತಿ ಸೋಮವಾರ ಏಣಿ ಹಾಕಿಸಿದೆ. ಕೊಂಡಿ ಮೂರನೇ ಒಂದು ಭಾಗ ಸವೆದಿದ್ದರೆ ಬದಲಾಯಿಸುವುದು, ಬದಲಾಯಿಸುವವರೆಗೆ ಉಯ್ಯಾಲೆ ಬಿಚ್ಚಿಡುವುದು. ಕೆಳಗೆ ಸಿಮೆಂಟಿನ ನೆಲ ಇರಲೇಬಾರದು, ದಪ್ಪವಾಗಿ ಮರಳು ಇರಲಿ, ಮರಳನ್ನು ದಿನಾ ಕೆದಕಿ ಗಾಜು ಕಲ್ಲು ಆರಿಸಲಿ.

ಹಂತ 8: ಕೆಲಸ ಎಲ್ಲಿ ಹುಡುಕುವುದು

ಸರ್ಕಾರಿ ಹುದ್ದೆಗೆ ಕೆಪಿಎಸ್‌ಸಿಯ ಸಹಾಯಕ ತೋಟಗಾರಿಕೆ ಅಧಿಕಾರಿ ಅಧಿಸೂಚನೆ ನೋಡುತ್ತಿರಿ. ಇದು ವರ್ಷವರ್ಷವೂ ಬರುವಂಥದ್ದಲ್ಲ, ಅದಕ್ಕೆಂದೇ ಕಾದು ಕೂರಬೇಡಿ. ಕಾಯುವ ಹೊತ್ತಿನಲ್ಲಿ ಖಾಸಗಿ ಲ್ಯಾಂಡ್‌ಸ್ಕೇಪ್ ಸಂಸ್ಥೆಯಲ್ಲೋ ಕ್ಯಾಂಪಸ್ಸಿನಲ್ಲೋ ಮೇಲ್ವಿಚಾರಕರಾಗಿ ಸೇರಿ. ನೀರು, ಕೂಲಿ, ಗೊಬ್ಬರದ ಖರ್ಚನ್ನು ತೂಗಿಸುವುದು ಅಲ್ಲಿ ಬೇಗ ಕಲಿಯುತ್ತೀರಿ.

ಬೆಟ್ಟ, ಚಾರಣ, ಸಫಾರಿಯ ಕಡೆಯ ದಾರಿ ಬೇರೆ. ಅರಣ್ಯ ಇಲಾಖೆಯಲ್ಲಿ ಗಸ್ತು ಅರಣ್ಯ ಪಾಲಕ, ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ ಹುದ್ದೆಗಳಿವೆ. 1980ರಲ್ಲಿ ಆರಂಭವಾದ, ಕಾಡಿನ ರೆಸಾರ್ಟುಗಳನ್ನು ನಡೆಸುವ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯಲ್ಲಿ ನ್ಯಾಚುರಲಿಸ್ಟ್, ಅಂದರೆ ಬಂದವರಿಗೆ ಕಾಡು, ಪ್ರಾಣಿ, ಪಕ್ಷಿಗಳನ್ನು ತೋರಿಸಿ ವಿವರಿಸುವ ಕೆಲಸವಿದೆ. ಬಂಡೆ ಹತ್ತುವುದು, ಜಲಸಾಹಸಗಳಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರಬೇತಿ ಕೊಡುತ್ತದೆ. ಇಲ್ಲಿ ಮುಖ್ಯ ಪ್ರಶ್ನೆ ಒಂದೇ: ಈ ದಾರಿ ದಿನಕ್ಕೆ ಎಷ್ಟು ಜನರನ್ನು ತಡೆದುಕೊಳ್ಳುತ್ತದೆ? 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿ, ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆಮೇಲೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಂತಿಷ್ಟೇ ಜನ ಎನ್ನುವ ಮಿತಿ ಬಂತು. ಬಂದವರನ್ನು ‘ಇವತ್ತಿಗೆ ಮುಗಿಯಿತು, ನಾಳೆ ಬನ್ನಿ’ ಎಂದು ಗೌರವದಿಂದ ಹಿಂದೆ ಕಳಿಸುವ ಮಾತುಗಾರಿಕೆ ಈ ಕೆಲಸಕ್ಕೆ ಬೇಕು.

ಹಂತ 9: ಸೇರಿದ ಮೊದಲ ಮೂರು ತಿಂಗಳು

ಹೊಸದೇನನ್ನೂ ಕಟ್ಟಿಸಬೇಡಿ. ಎಲ್ಲ ಕೆಲಸಗಾರರ ಹೆಸರು, ಊರು ಕಲಿಯಿರಿ. ನಲ್ಲಿ, ವಾಲ್ವು, ಬೋರ್‌ವೆಲ್, ದೀಪದ ಕಂಬ ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಮಾಡಿ. ಯಾವ ವಾಲ್ವು ಯಾವ ಸಾಲಿಗೆ ಎನ್ನುವುದು ಎಷ್ಟೋ ಕಡೆ ಒಬ್ಬ ಹಳೆಯ ಮಾಲಿಯ ತಲೆಯಲ್ಲಿ ಮಾತ್ರ ಇರುತ್ತದೆ, ಅವರು ನಿವೃತ್ತರಾಗುವ ಮೊದಲೇ ಬರೆದುಕೊಳ್ಳಿ.

ಆಮೇಲೆ ಮರಗಳ ಪುಸ್ತಕ ಶುರು ಮಾಡಿ. ಮಾರ್ಚ್ ಮುಗಿಯುವುದರೊಳಗೆ ಒಂದು ಸುತ್ತು ಮುಗಿಯಬೇಕು, ಏಪ್ರಿಲ್ ಮೇ ತಿಂಗಳ ಗಾಳಿಮಳೆಗೇ ಮರಗಳು ಬೀಳುವುದು ಹೆಚ್ಚು. ಪ್ರತಿ ಮರಕ್ಕೊಂದು ನಂಬರು, ಜಾತಿ, ಸುತ್ತಳತೆ. ಬುಡದಲ್ಲಿ ಅಣಬೆ ಎದ್ದಿದೆಯೇ, ಕವಲಿನಲ್ಲಿ ಬಿರುಕಿದೆಯೇ, ಒಂದು ಕಡೆಯ ಮಣ್ಣು ಎದ್ದು ನಿಂತಿದೆಯೇ, ಬುಡಕ್ಕೆ ಯಾರಾದರೂ ಕಾಂಕ್ರೀಟು ಸುರಿದಿದ್ದಾರೆಯೇ ನೋಡಿ. ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟಿ. ಗಟ್ಟಿ ಮರ ಗಟ್ಟಿಯಾಗಿಯೇ ಉತ್ತರ ಕೊಡುತ್ತದೆ, ಟೊಳ್ಳಾದದ್ದು ಡೋಲಿನಂತೆ ಬೊಂ ಎನ್ನುತ್ತದೆ. ಟೊಳ್ಳು ಎಂದ ಕೂಡಲೇ ಕಡಿಸಲು ಓಡಬೇಡಿ, ಎಷ್ಟೋ ಮಳೆಮರಗಳು ಕೊಂಬೆಯ ಭಾರ ಇಳಿಸಿದರೆ ಇನ್ನೂ ವರ್ಷಗಟ್ಟಲೆ ನಿಲ್ಲುತ್ತವೆ, ಆ ಪೊಟರೆಯಲ್ಲಿ ಗಿಳಿ, ಗೂಬೆ ಸಂಸಾರ ಮಾಡಿಕೊಂಡಿರುತ್ತವೆ. ಕೆಳಗಿನ ಬೆಂಚನ್ನು ಮೊದಲು ಬೇರೆ ಕಡೆಗೆ ಸರಿಸಿ, ವೃಕ್ಷಾಧಿಕಾರಿಗೆ ಪತ್ರ ಬರೆದು, ಪತ್ರದ ನಂಬರನ್ನು ಆ ಮರದ ಪುಟದಲ್ಲೇ ಬರೆದಿಡಿ. ಪ್ರತಿ ನಮೂದಿನ ಪಕ್ಕ ದಿನಾಂಕ, ಸಹಿ ಇರಲಿ. ವರ್ಗವಾಗಿ ಹೋಗುವ ದಿನ ಆ ಪುಸ್ತಕವನ್ನು ಬೀಗದ ಕೈಗಳ ಜೊತೆಗೇ ಮುಂದಿನವರ ಕೈಗೆ ಕೊಟ್ಟು, ಅವರನ್ನು ಕರೆದುಕೊಂಡು ಒಂದು ಸುತ್ತು ನಡೆಯಿರಿ.